ಚಾರಣಕ್ಕೆ ಸ್ಯಾಟಲೈಟ್ ಸಾಧನ ಒಯ್ಯುತ್ತೀರಾ? ಮೊದಲು ಈ ನಿಯಮ ತಿಳಿದುಕೊಳ್ಳಿ

ಹೈದರಾಬಾದ್: ವಾರಾಂತ್ಯಕ್ಕೆ ವಿಕಾರಾಬಾದ್ ಬಳಿಯ ಅನಂತಗಿರಿ ಬೆಟ್ಟ, ದೊಡ್ಡ ರಜೆ ಸಿಕ್ಕರೆ ಹಿಮಾಲಯ. ಹೈದರಾಬಾದ್‌ನಲ್ಲಿ ನೆಲೆಸಿರುವ ಕನ್ನಡಿಗರಲ್ಲೂ ಚಾರಣಪ್ರಿಯರಿದ್ದಾರೆ. ನೆಟ್‌ವರ್ಕ್ ಸಿಗದ ಜಾಗಕ್ಕೆಂದು ವಿದೇಶದಿಂದ ಸ್ಯಾಟಲೈಟ್ ಸಾಧನ ತರಿಸಿಕೊಳ್ಳುವ ಯೋಚನೆ ಇದ್ದರೆ ಎಚ್ಚರ. ಜೀವ ಉಳಿಸಲೆಂದು ಒಯ್ದ ಸಾಧನವೇ ವಿಮಾನ ನಿಲ್ದಾಣದಲ್ಲಿ ಪೊಲೀಸ್ ಪ್ರಕರಣಕ್ಕೆ ಕಾರಣವಾಗಬಹುದು.

ಹಾಗೆಂದು ಬರಿಗೈಯಲ್ಲಿ ಹೋಗುವಂತೆಯೂ ಇಲ್ಲ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಕರ್ನಾಟಕದಿಂದ ತೆರಳಿದ್ದ ತಂಡ ಹಿಮಗಾಳಿಗೆ ಸಿಲುಕಿ 9 ಮಂದಿ ಮೃತಪಟ್ಟಿದ್ದರು. ಇಂತಹ ಎತ್ತರದಲ್ಲಿ ಸುದ್ದಿ ಕೆಳಗೆ ತಲುಪುವುದು ತಡವಾದಷ್ಟೂ ಅಪಾಯ ಹೆಚ್ಚು.

ಯಾವುದಕ್ಕೆ ಅನುಮತಿ ಬೇಕು?

ಫೋನ್ ಅಥವಾ ವಾಚ್‌ನಲ್ಲಿರುವ ಜಿಪಿಎಸ್ ಉಪಗ್ರಹದ ಸಂಕೇತವನ್ನು ಸ್ವೀಕರಿಸುತ್ತದೆ ಅಷ್ಟೇ. ಇದರ ಬಳಕೆಗೆ ಅಡ್ಡಿಯಿಲ್ಲ. ಆದರೆ ಸ್ಯಾಟಲೈಟ್ ಫೋನ್, ಗಾರ್ಮಿನ್ ಇನ್‌ರೀಚ್‌ನಂತಹ ಸಂದೇಶ ಸಾಧನಗಳು ಉಪಗ್ರಹಕ್ಕೆ ಸಂಕೇತ ಕಳುಹಿಸುತ್ತವೆ. ಇವುಗಳಿಗೆ ಕೇಂದ್ರ ದೂರಸಂಪರ್ಕ ಇಲಾಖೆಯ ಅನುಮತಿ ಕಡ್ಡಾಯ. 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆಗಳ ಕಾಲದಿಂದಲೂ ಪರವಾನಗಿಯ ಷರತ್ತು ಇದೆ. 2008ರ ಮುಂಬೈ ದಾಳಿಯಲ್ಲಿ ಉಗ್ರರು ಸ್ಯಾಟಲೈಟ್ ಫೋನ್ ಬಳಸಿದ್ದರಿಂದ ತಪಾಸಣೆ ಇನ್ನಷ್ಟು ಬಿಗಿಯಾಯಿತು. ಬೇರೆ ದೇಶದಲ್ಲಿ ಖರೀದಿಸಿದ ರಶೀದಿ ಇಲ್ಲಿ ಪರವಾನಗಿ ಆಗುವುದಿಲ್ಲ.

ಫೋನನ್ನೇ ಸಿದ್ಧಪಡಿಸಿಕೊಳ್ಳಿ

* ಜಿಪಿಎಸ್‌ಗೆ ಮೊಬೈಲ್ ನೆಟ್‌ವರ್ಕ್ ಬೇಕಿಲ್ಲ, ನಕ್ಷೆಗೆ ಬೇಕು. ಆಫ್‌ಲೈನ್ ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ.
* ನಡೆಯುವಾಗ ಫೋನ್ ಏರ್‌ಪ್ಲೇನ್ ಮೋಡ್‌ನಲ್ಲಿರಲಿ. ಸಿಗ್ನಲ್ ಹುಡುಕುವುದರಲ್ಲೇ ಬ್ಯಾಟರಿ ಬೇಗ ಖಾಲಿಯಾಗುತ್ತದೆ.
* ಚಳಿಗೆ ಚಾರ್ಜ್ ಬೇಗ ಇಳಿಯುತ್ತದೆ. ಫೋನ್, ಪವರ್ ಬ್ಯಾಂಕ್ ಜಾಕೆಟ್‌ನ ಒಳಜೇಬಿನಲ್ಲಿರಲಿ.
* ವಿಮಾನದಲ್ಲಿ ಪವರ್ ಬ್ಯಾಂಕ್ ಅನ್ನು ಕೈಚೀಲದಲ್ಲೇ ಒಯ್ಯಬೇಕು. 100 ವ್ಯಾಟ್-ಅವರ್, ಅಂದರೆ ಸುಮಾರು 27,000 ಎಂಎಎಚ್ ಮೀರದಂತೆ ನೋಡಿಕೊಳ್ಳಿ.
* ತುರ್ತು ಸಂಖ್ಯೆ 112. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ನೆಟ್‌ವರ್ಕ್ ಸಿಕ್ಕರೆ ಕರೆ ಹೋಗಬಹುದು. ಕರೆ ಹೋಗದ ಕಡೆ ಕೆಲವೊಮ್ಮೆ ಎಸ್‌ಎಂಎಸ್ ಹೋಗುತ್ತದೆ.

ಬ್ಯಾಟರಿ ಬೇಡದ ಸುರಕ್ಷತೆ

ಕಾಗದದ ನಕ್ಷೆ, ದಿಕ್ಸೂಚಿ, ಸೀಟಿ ಮತ್ತು ಟಾರ್ಚ್ ಜೊತೆಗಿರಲಿ. ಹೊರಡುವ ಮುನ್ನ ಮಾರ್ಗ, ತಂಗುವ ಜಾಗ, ಹಿಂತಿರುಗುವ ಸಮಯ ಮತ್ತು ಗೈಡ್‌ನ ಮೊಬೈಲ್ ಸಂಖ್ಯೆಯನ್ನು ಮನೆಯವರಿಗೆ ಬರೆದು ಕೊಡಿ. ಹೇಳಿದ ಸಮಯಕ್ಕೆ ಕರೆ ಬಾರದಿದ್ದರೆ ಯಾರಿಗೆ ತಿಳಿಸಬೇಕು ಎಂಬುದೂ ಅದರಲ್ಲಿರಲಿ. ನೀವು ಕರೆ ಮಾಡಲಾಗದಿದ್ದರೂ ಹುಡುಕಾಟ ಎಲ್ಲಿಂದ ಶುರುವಾಗಬೇಕೆಂದು ಆ ಚೀಟಿಯೇ ಹೇಳುತ್ತದೆ.