ಕಣ್ಣಿಗೆ ಬಿಟ್ಟ ಮದ್ದು ಎಲ್ಲಿಗೆ ಹೋಗುತ್ತದೆ?

ಭತ್ತದ ಕೊಯ್ಲಿನ ವೇಳೆ ಪೈರಿನ ಎಲೆಯೋ ತೆನೆಯ ಚೂಪು ತುದಿಯೋ ಕಣ್ಣಿಗೆ ತಾಗುವುದು ರೈತರಿಗೆ ಹೊಸತಲ್ಲ. ಹೆಚ್ಚಿನವರು ಕಣ್ಣುಜ್ಜಿಕೊಂಡು ಮತ್ತೆ ಕೆಲಸಕ್ಕೆ ಇಳಿಯುತ್ತಾರೆ. ಅವರಲ್ಲಿ ಕೆಲವರಿಗೆ ಕೆಲವೇ ದಿನಗಳಲ್ಲಿ ಕಣ್ಣು ಕೆಂಪೇರುತ್ತದೆ, ಬೆಳಕು ನೋಡಲಾಗುವುದಿಲ್ಲ, ಕರಿಗುಡ್ಡೆಯ ಮೇಲೆ ಬಿಳಿಯ ಹುಣ್ಣು ಕಾಣಿಸಿಕೊಳ್ಳುತ್ತದೆ. ಹುಣ್ಣು ಮಾಯ್ದರೂ ಕಲೆ ಉಳಿಯುತ್ತದೆ. ಅದನ್ನೇ ನಮ್ಮ ಹಿರಿಯರು 'ಕಣ್ಣಿಗೆ ಹೂ ಬಿದ್ದಿದೆ' ಎಂದರು. ಕಣ್ಣಿನ ಗಾಯ ಮತ್ತು ಇಂತಹ ಹುಣ್ಣಿನಿಂದ ಜಗತ್ತಿನಲ್ಲಿ ಪ್ರತಿ ವರ್ಷ 15ರಿಂದ 20 ಲಕ್ಷ ಮಂದಿ ಒಂದು ಕಣ್ಣಿನ ದೃಷ್ಟಿ ಕಳೆದುಕೊಳ್ಳುತ್ತಾರೆಂದು 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವೊಂದು ಅಂದಾಜು ಮಾಡಿತ್ತು.

ಹಾಗಾದರೆ ಇದಕ್ಕೆ ಔಷಧವಿಲ್ಲವೇ? ಇದೆ. ಆದರೆ ಔಷಧ ಇರುವುದು ಬೇರೆ, ಅದು ಬೇಕಾದ ಜಾಗಕ್ಕೆ ತಲುಪುವುದು ಬೇರೆ. ಕಣ್ಣಿನ ಚಿಕಿತ್ಸೆಯ ಇತಿಹಾಸದಲ್ಲಿ ಈ ಎರಡನೆಯ ಪ್ರಶ್ನೆಗೆ ದೊಡ್ಡ ಸ್ಥಾನವಿದೆ.

ಸುಶ್ರುತನ ಹಿಟ್ಟಿನ ಕಟ್ಟೆ

ಸುಶ್ರುತ ಸಂಹಿತೆ 76 ಬಗೆಯ ಕಣ್ಣಿನ ರೋಗಗಳನ್ನು ಹೆಸರಿಸುತ್ತದೆ. ಕಣ್ಣಿಗೆ ಮದ್ದಿನ ಹನಿ ಬಿಡುವುದು ಆಶ್ಚ್ಯೋತನ, ಹಚ್ಚುವುದು ಅಂಜನ. ಇವೆರಡರ ಜೊತೆ ತರ್ಪಣವೆಂಬ ಇನ್ನೊಂದು ವಿಧಾನವೂ ಇದೆ. ರೋಗಿಯನ್ನು ಅಂಗಾತ ಮಲಗಿಸಿ, ಕಣ್ಣಿನ ಸುತ್ತ ಉದ್ದಿನ ಹಿಟ್ಟಿನ ಕಣಕದಿಂದ ಪುಟ್ಟ ಕಟ್ಟೆ ಕಟ್ಟಿ, ಅದರೊಳಗೆ ಔಷಧಯುಕ್ತ ತುಪ್ಪವನ್ನು ತುಂಬಿ ಸ್ವಲ್ಪ ಹೊತ್ತು ನಿಲ್ಲಿಸುತ್ತಿದ್ದರು. ಈ ಕ್ರಮದಲ್ಲಿ ಮದ್ದು ಹರಿದು ಹೋಗದೆ ಕಣ್ಣಿನ ಮೇಲೆ ನಿಲ್ಲುತ್ತಿತ್ತು.

ಬಗ್ದಾದಿನಲ್ಲಿ ಕಣ್ಣಿನ ವೈದ್ಯರಿಗೆ 'ಕಹ್ಹಾಲ್' ಎಂಬ ಹೆಸರಿತ್ತು. ಕಣ್ಣಿಗೆ ಹಚ್ಚುವ ಪುಡಿಯಾದ 'ಕುಹ್ಲ್' ಎಂಬ ಪದದಿಂದಲೇ ಈ ಹೆಸರು ಬಂತು. ಒಂಬತ್ತನೆಯ ಶತಮಾನದಲ್ಲಿ ಅಬ್ಬಾಸಿ ಖಲೀಫರ ಆಶ್ರಯದಲ್ಲಿದ್ದ ಹುನೈನ್ ಇಬ್ನ್ ಇಸ್‌ಹಾಕ್ ಗ್ರೀಕ್ ವೈದ್ಯ ಗೇಲನ್‌ನ ಕೃತಿಗಳನ್ನು ಭಾಷಾಂತರಿಸಿದ್ದಲ್ಲದೆ, ಕಣ್ಣಿನ ಬಗ್ಗೆ ಹತ್ತು ಪ್ರಬಂಧಗಳ ಗ್ರಂಥವನ್ನೂ ರಚಿಸಿದರು. ಹುನೈನ್ ಕ್ರೈಸ್ತರು. ಗ್ರೀಕರ ಜ್ಞಾನ, ಕ್ರೈಸ್ತ ವಿದ್ವಾಂಸರ ಲೇಖನಿ, ಮುಸ್ಲಿಂ ಆಳರಸರ ಪೋಷಣೆ ಒಂದೇ ನಗರದಲ್ಲಿ ಕೂಡಿದ್ದ ಕಾಲವದು. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವನ್ನು ಅರಬ್ಬರು 'ಕರ್ನಿಯ್ಯ' ಎಂದರು. ಕರ್ನ್ ಎಂದರೆ ಕೊಂಬು. ಇಂದು ನಾವು ಬಳಸುವ 'ಕಾರ್ನಿಯಾ' ಎಂಬ ಲ್ಯಾಟಿನ್ ಮೂಲದ ಪದದ ಹಿಂದೆಯೂ ಇರುವುದು ಅದೇ ಕೊಂಬು.

ಹನ್ನೊಂದನೆಯ ಶತಮಾನದ ಹೊತ್ತಿಗೆ ಬಗ್ದಾದಿನಲ್ಲೇ ಅಲಿ ಇಬ್ನ್ ಈಸಾ 'ತಝ್ಕಿರತುಲ್ ಕಹ್ಹಾಲೀನ್' ಬರೆದರು. ಶತಮಾನಗಳ ಕಾಲ ಕಣ್ಣಿನ ವೈದ್ಯರ ಕೈಪಿಡಿಯಾಗಿದ್ದ ಗ್ರಂಥವದು. ಆ ಕಾಲದ ಮದ್ದುಗಳಲ್ಲಿ 'ಶಿಯಾಫ್' ಎಂಬುದು ಮುಖ್ಯವಾದುದು. ಔಷಧವನ್ನು ನುಣ್ಣಗೆ ಅರೆದು, ಗೋಂದು ಸೇರಿಸಿ, ಕಡ್ಡಿಯಂತೆ ಹೊಸೆದು ಒಣಗಿಸಿ ಇಡುತ್ತಿದ್ದರು. ಬೇಕಾದಾಗ ಅದನ್ನು ನೀರಿನಲ್ಲೋ ಮೊಟ್ಟೆಯ ಬಿಳಿ ಲೋಳೆಯಲ್ಲೋ ತೇಯ್ದು ಹಚ್ಚುತ್ತಿದ್ದರು. ಇಂದಿನ ಕಣ್ಣಿನ ಹನಿಗಳಿಗೂ ಅಂಟುಗುಣದ ಪದಾರ್ಥ ಬೆರೆಸುತ್ತಾರೆ. ಮದ್ದು ಬೇಗನೆ ಜಾರಿ ಹೋಗಬಾರದೆಂಬುದೇ ಉದ್ದೇಶ. ಹಾಗೆಂದು ಹಳೆಯದೆಲ್ಲವೂ ಒಳ್ಳೆಯದೆನ್ನಲಾಗದು. ಹಲವು ಕಡೆ ಮಾರಾಟವಾಗುವ ಸುರ್ಮಾದಲ್ಲಿ ಸೀಸದ ಅಂಶವಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಸೀಸ ಮಕ್ಕಳಿಗೆ ವಿಷ.

ಅರ್ಧ ಮಿಲಿಮೀಟರಿನ ಕೋಟೆ

ಮದ್ದು ಏಕೆ ಒಳಗಿಳಿಯುವುದಿಲ್ಲ ಎಂಬುದು ಖಚಿತವಾಗಿ ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ. ಕಾರ್ನಿಯಾದ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ಮಾತ್ರ. ಅದರ ಮೇಲ್ಪದರದ ಜೀವಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿವೆ. ಅವು ಎಣ್ಣೆಯಲ್ಲಿ ಕರಗುವ ವಸ್ತುವಿಗೆ ಮಾತ್ರ ಸುಲಭವಾಗಿ ದಾರಿ ಬಿಡುತ್ತವೆ. ಅದರ ಕೆಳಗಿನ ದಪ್ಪ ಪದರದಲ್ಲಿ ನೀರೇ ಹೆಚ್ಚು. ಅಲ್ಲಿ ಎಣ್ಣೆಯ ಗುಣದ ಮದ್ದು ತಡವರಿಸುತ್ತದೆ. ಆದ್ದರಿಂದ ಒಳ್ಳೆಯ ಮದ್ದಿಗೆ ಎರಡೂ ಗುಣ ಬೇಕು. ಅದೂ ಅಲ್ಲದೆ, ಸೀಸೆಯಿಂದ ಬೀಳುವ ಒಂದು ಹನಿಯನ್ನು ಪೂರ್ತಿ ಹಿಡಿದಿಟ್ಟುಕೊಳ್ಳುವಷ್ಟು ಜಾಗ ಕಣ್ಣಿನಲ್ಲಿಲ್ಲ. ಸ್ವಲ್ಪ ಕೆನ್ನೆಗೆ ಇಳಿಯುತ್ತದೆ, ಉಳಿದದ್ದನ್ನು ಕಣ್ಣೀರು ಕೆಲವೇ ನಿಮಿಷಗಳಲ್ಲಿ ಮೂಗಿನ ಕಡೆಗೆ ತೊಳೆದುಬಿಡುತ್ತದೆ. ಸಾಮಾನ್ಯವಾಗಿ ಕಣ್ಣೊಳಗೆ ಸೇರುವುದು ಹನಿಯ ಶೇ. 5ಕ್ಕಿಂತಲೂ ಕಡಿಮೆ. ಹುಣ್ಣಾದಾಗ ಆರಂಭದಲ್ಲಿ ಹಗಲಿರುಳೆನ್ನದೆ ಗಂಟೆಗೊಮ್ಮೆ ಹನಿ ಬಿಡಿ ಎಂದು ವೈದ್ಯರು ಹೇಳುವುದು ಇದಕ್ಕಾಗಿಯೇ. ಇನ್ನು ಮಾತ್ರೆ ನುಂಗಿದರೆ? ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ. ಅದು ಪಾರದರ್ಶಕವಾಗಿರಲು ಅದೂ ಒಂದು ಕಾರಣ. ರಕ್ತದ ಮೂಲಕ ಬರುವ ಔಷಧಕ್ಕೂ ಅಲ್ಲಿಗೆ ನೇರ ದಾರಿಯಿಲ್ಲ.

ವಿಜ್ಞಾನಿಗಳು ಹಲವು ಉಪಾಯ ಹುಡುಕಿದರು. 1961ರಲ್ಲಿ ಜೆಕೊಸ್ಲೊವಾಕಿಯಾದ ರಸಾಯನಶಾಸ್ತ್ರಜ್ಞ ಒಟ್ಟೊ ವಿಖ್ಟರ್ಲೆ ಮಕ್ಕಳ ಆಟಿಕೆಯ ಬಿಡಿಭಾಗಗಳಿಂದ ಯಂತ್ರ ಜೋಡಿಸಿ ಮೃದುವಾದ ಕಾಂಟ್ಯಾಕ್ಟ್ ಲೆನ್ಸ್ ತಯಾರಿಸಿದರು. ನೀರು ಹೀರುವ ಆ ಲೆನ್ಸನ್ನು ಔಷಧದಲ್ಲಿ ನೆನೆಸಿ ಕಣ್ಣಿಗೆ ಇಡುವ ಯತ್ನಗಳು ಆ ದಶಕದಲ್ಲೇ ನಡೆದವು. ರೆಪ್ಪೆಯ ಒಳಗಿಟ್ಟರೆ ವಾರವಿಡೀ ಔಷಧ ಜಿನುಗಿಸುವ ಬಿಲ್ಲೆ 1970ರ ದಶಕದಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು. ಔಷಧದ ಅಣುವಿಗೇ ಎಣ್ಣೆಯ ಗುಣ ತೊಡಿಸಿ, ಒಳಹೊಕ್ಕ ಮೇಲೆ ಆ ತೊಡಿಗೆ ಕಳಚುವಂತೆ ಮಾಡಿದವರೂ ಇದ್ದಾರೆ.

ಮಧುರೈ ಕಲಿಸಿದ ಪಾಠ

ದಕ್ಷಿಣ ಭಾರತದಲ್ಲಿ ಕಾರ್ನಿಯಾದ ಹುಣ್ಣಿಗೆ ಶಿಲೀಂಧ್ರ, ಅಂದರೆ ಬೂಷ್ಟು, ದೊಡ್ಡ ಕಾರಣ. ಪೈರು, ಮರ, ಮಣ್ಣಿನಿಂದ ಆಗುವ ಗಾಯದ ಮೂಲಕ ಅದು ಒಳಹೊಗುತ್ತದೆ. ಇದರ ಹಳೆಯ ಮದ್ದು ನಾಟಮೈಸಿನ್. 1955ರಲ್ಲಿ ದಕ್ಷಿಣ ಆಫ್ರಿಕಾದ ನಟಾಲ್ ಪ್ರಾಂತ್ಯದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಸಿಕ್ಕಿದ್ದರಿಂದ ಅದಕ್ಕೆ ಆ ಹೆಸರು. ಅದರ ಅಣು ದೊಡ್ಡದು, ನೀರಿನಲ್ಲಿ ಕರಗುವುದಿಲ್ಲ, ಕಾರ್ನಿಯಾದೊಳಗೆ ಸರಿಯಾಗಿ ಇಳಿಯುವುದೂ ಇಲ್ಲ. ವೊರಿಕೊನಜೋಲ್ ಎಂಬ ಹೊಸ ಮದ್ದು ಚೆನ್ನಾಗಿ ಇಳಿಯುತ್ತದೆ. ಹಾಗಾದರೆ ಹೊಸತೇ ಮೇಲಲ್ಲವೇ?

ಮಧುರೈಯ ಅರವಿಂದ್ ಕಣ್ಣಾಸ್ಪತ್ರೆ ಅಮೆರಿಕದ ವೈದ್ಯರೊಂದಿಗೆ ಸೇರಿ ಇದನ್ನು ಪರೀಕ್ಷೆಗೆ ಒಡ್ಡಿತು. 368 ರೋಗಿಗಳ ಈ ಅಧ್ಯಯನದ ಫಲಿತಾಂಶ 2013ರಲ್ಲಿ ಪ್ರಕಟವಾದಾಗ ನಿರೀಕ್ಷೆ ತಲೆಕೆಳಗಾಗಿತ್ತು. ಒಳಗಿಳಿಯದ ಹಳೆಯ ನಾಟಮೈಸಿನ್ ಹಾಕಿಸಿಕೊಂಡವರ ದೃಷ್ಟಿ ಹೆಚ್ಚು ಉಳಿಯಿತು. ಅವರಲ್ಲಿ ಕಾರ್ನಿಯಾ ತೂತಾಗಿದ್ದು ಅಥವಾ ಕಸಿ ಮಾಡಬೇಕಾಗಿ ಬಂದದ್ದೂ ಕಡಿಮೆ. ಅದರಲ್ಲೂ ಅಲ್ಲಿ ಹೆಚ್ಚಾಗಿ ಕಂಡ ಫ್ಯುಸೇರಿಯಂ ಶಿಲೀಂಧ್ರದ ವಿರುದ್ಧ ವ್ಯತ್ಯಾಸ ಎದ್ದು ಕಾಣುತ್ತಿತ್ತು. ತೀವ್ರ ಹುಣ್ಣಿಗೆ ವೊರಿಕೊನಜೋಲ್ ಮಾತ್ರೆಯನ್ನೂ ಸೇರಿಸಿ ನೋಡಿದರು. ಒಟ್ಟಾರೆ ಪ್ರಯೋಜನ ಕಾಣಲಿಲ್ಲವೆಂದು 2016ರಲ್ಲಿ ವರದಿಯಾಯಿತು. ಮುಂದೆ ಅದನ್ನೇ ಸೂಜಿಯಿಂದ ನೇರವಾಗಿ ಕಾರ್ನಿಯಾದೊಳಗೆ ಚುಚ್ಚಿ ನೋಡಿದಾಗಲೂ ಫಲ ಸಿಗಲಿಲ್ಲ. ಮದ್ದು ಒಳಹೋಗುವುದು ಮುಖ್ಯ. ಆದರೆ ಹೋದ ಮದ್ದು ಅಲ್ಲಿರುವ ಶತ್ರುವಿಗೆ ತಕ್ಕುದಾಗಿರಬೇಕು.

ಇಷ್ಟಾಗಿಯೂ ಹುಣ್ಣು ಮೀರಿದರೆ ಉಳಿಯುವ ದಾರಿ ಕಸಿ. 2021ರಲ್ಲಿ ಪುನೀತ್ ರಾಜ್‌ಕುಮಾರ್ ನಿಧನರಾದಾಗ ಅವರ ಕಾರ್ನಿಯಾಗಳ ಪದರಗಳನ್ನು ಬೇರ್ಪಡಿಸಿ ಬೆಂಗಳೂರಿನಲ್ಲಿ ನಾಲ್ವರಿಗೆ ಜೋಡಿಸಿದ್ದು ನಮಗೆ ನೆನಪಿದೆ. ಆದರೆ ಬೇಕಾದಷ್ಟು ಕಾರ್ನಿಯಾ ಸಿಗುವುದಿಲ್ಲ, ಸೋಂಕು ತುಂಬಿದ ಕಣ್ಣಿನಲ್ಲಿ ಕಸಿ ನಿಲ್ಲುವುದೂ ಕಷ್ಟ.

ಮೊದಲ ಹದಿನೆಂಟು ಗಂಟೆ

ಆದ್ದರಿಂದ ಈ ಇತಿಹಾಸದ ಇನ್ನೊಂದು ಪುಟವನ್ನು ಓದಲೇಬೇಕು. ನೇಪಾಳದ ಭಕ್ತಪುರ ಜಿಲ್ಲೆಯಲ್ಲಿ ಹಳ್ಳಿಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಕಣ್ಣಿಗೆ ಗೀರು ಬಿದ್ದವರಿಗೆ ಕ್ಲೋರಾಂಫೆನಿಕಾಲ್ ಮುಲಾಮನ್ನು ದಿನಕ್ಕೆ ಮೂರು ಸಲದಂತೆ ಮೂರು ದಿನ ಹಚ್ಚಿಸಿದರು. ಅಗ್ಗದ, ಹಳೆಯ ಮುಲಾಮು ಅದು. 2001ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಗೀರು ಬಿದ್ದ 442 ಮಂದಿಯಲ್ಲಿ ಶೇ. 96 ಮಂದಿಗೆ ಸೋಂಕಿಲ್ಲದೆ ಗುಣವಾಯಿತು. ಹದಿನೆಂಟು ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಅಲ್ಲಿ ಮುಲಾಮು ಹಚ್ಚದವರ ಗುಂಪೊಂದನ್ನು ಇಟ್ಟು ಹೋಲಿಸಿರಲಿಲ್ಲವಾದ್ದರಿಂದ ಎಲ್ಲ ಶ್ರೇಯವನ್ನೂ ಮುಲಾಮಿಗೆ ಕೊಡಲಾಗದು. ಆದರೂ ತಡವಾಗಿ ಬಂದವರಿಗೇ ಹುಣ್ಣಾಯಿತು ಎಂಬುದು ಯೋಚಿಸಬೇಕಾದ ಸಂಗತಿ.

ಗಾಯವಾದ ದಿನವೇ ಕಣ್ಣು ತೋರಿಸಲು ಕೂಲಿಕಾರ್ಮಿಕನಿಗೆ ಅಡ್ಡಿಗಳು ಹಲವು. ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ. ಅಷ್ಟರಲ್ಲಿ ಯಾರೋ ಹರಳೆಣ್ಣೆ ಬಿಡುತ್ತಾರೆ, ಇನ್ಯಾರೋ ಎದೆಹಾಲು, ಸೊಪ್ಪಿನ ರಸ. ಮೆಡಿಕಲ್ ಅಂಗಡಿಯವರು ಕೇಳದೆಯೇ ಸ್ಟೀರಾಯ್ಡ್ ಹನಿ ಕೊಡುವುದೂ ಇದೆ. ಅದರಿಂದ ನೋವು ತಗ್ಗುತ್ತದೆ, ಒಳಗೆ ಬೂಷ್ಟು ಹಬ್ಬುತ್ತದೆ.

ಬಗ್ದಾದಿನ ಕಹ್ಹಾಲರು ಮದ್ದನ್ನು ಕಣ್ಣಿನ ಮೇಲೆ ನಿಲ್ಲಿಸಲು ಯತ್ನಿಸಿದರು. ಇಂದಿನ ವಿಜ್ಞಾನಿಗಳು ಅದನ್ನು ಅರ್ಧ ಮಿಲಿಮೀಟರ್ ಒಳಕ್ಕೆ ಇಳಿಸಲು ದುಡಿಯುತ್ತಿದ್ದಾರೆ. ಹೊಲದಿಂದ ಆಸ್ಪತ್ರೆಯವರೆಗಿನ ದಾರಿಯನ್ನು ಕಡಿಮೆ ಮಾಡುವ ಕೆಲಸ ಸರಕಾರದ್ದು, ಸಂಘ ಸಂಸ್ಥೆಗಳದ್ದು, ನೆರೆಹೊರೆಯವರಾದ ನಮ್ಮೆಲ್ಲರದ್ದು. ನೆರೆಮನೆಯವರ ಕಣ್ಣಿಗೆ ಪೈರು ತಾಗಿತೆಂದು ಕೇಳಿದರೆ ಮನೆಮದ್ದು ಹೇಳದೆ, ಅದೇ ದಿನ ಅವರನ್ನು ವೈದ್ಯರ ಬಳಿಗೆ ಕರೆದೊಯ್ಯೋಣ.