ಕೆಲಸದ ಹಂಚಿಕೆ: ಜರ್ಮನಿ ದೇಶದ ಅನುಭವ

ಸರಕಿಗೆ ಬೇಡಿಕೆ ಕುಗ್ಗಿದಾಗ ಕಾರಖಾನೆಯ ಒಡೆಯರಿಗೆ ಮೊದಲು ತೋಚುವ ಉಪಾಯವೆಂದರೆ ಕೆಲಸಗಾರರನ್ನು ಕಡಿಮೆ ಮಾಡುವುದು. ನೂರು ಜನರಿದ್ದಲ್ಲಿ ಎಂಬತ್ತು ಜನರಿಗೆ ಸಾಲುವಷ್ಟೇ ಕೆಲಸ ಉಳಿದರೆ ಇಪ್ಪತ್ತು ಮಂದಿ ಮನೆಯ ದಾರಿ ಹಿಡಿಯಬೇಕು. ಗಿರಣಿಗಳ ಊರುಗಳನ್ನು ಬಲ್ಲ ನಮ್ಮ ವಾಚಕರಿಗೆ ಈ ಲೆಕ್ಕದ ಕಹಿಯನ್ನು ವಿವರಿಸಬೇಕಾಗಿಲ್ಲ. ಆದರೆ ಇದೇ ಲೆಕ್ಕವನ್ನು ಇನ್ನೊಂದು ರೀತಿಯಿಂದಲೂ ಬಿಡಿಸಬಹುದು. ನೂರು ಜನರೂ ಉಳಿಯಲಿ. ಪ್ರತಿಯೊಬ್ಬರೂ ವಾರಕ್ಕೆ ಐದು ದಿನಗಳ ಬದಲು ನಾಲ್ಕು ದಿನ ದುಡಿಯಲಿ. ಕೆಲಸದ ಮೊತ್ತ ಅಷ್ಟೇ, ಹಂಚಿಕೆ ಮಾತ್ರ ಬೇರೆ. ಆಗ ಉಳಿಯುವ ಪ್ರಶ್ನೆ ಒಂದೇ: ಐದನೆಯ ದಿನದ ಕೂಲಿಯ ನಷ್ಟವನ್ನು ಹೊರುವವರು ಯಾರು?

ಈ ಪ್ರಶ್ನೆಗೆ ಕಾಯಿದೆಯ ಮೂಲಕ ಉತ್ತರ ಹುಡುಕಿದ ದೇಶಗಳಲ್ಲಿ ಜರ್ಮನಿ ಮುಖ್ಯವಾದುದು. ಅಲ್ಲಿ ಈ ಪದ್ಧತಿಗೆ 'ಕುರ್ಟ್ಸ್‌ಆರ್ಬೈಟ್', ಎಂದರೆ 'ಮೊಟಕು ದುಡಿಮೆ' ಎಂದು ಹೆಸರು. 1910ರಲ್ಲಿ ಪೊಟ್ಯಾಶ್ ಗಣಿಗಳ ಉತ್ಪಾದನೆಯನ್ನು ಮಿತಿಗೊಳಿಸಿದ ಕಾಯಿದೆಯು, ಅದರಿಂದ ಕೂಲಿ ಕಳೆದುಕೊಂಡ ಕಾರ್ಮಿಕರಿಗೆ ಪರಿಹಾರವನ್ನೂ ವಿಧಿಸಿತು. ಇದೇ ಪದ್ಧತಿಯ ಬೀಜ. 1927ರ ನಿರುದ್ಯೋಗ ವಿಮೆಯ ಕಾಯಿದೆಯಲ್ಲಿ ಅದು ಸಸಿಯಾಯಿತು. ಒಡೆಯರೂ ಕಾರ್ಮಿಕರೂ ಸಮವಾಗಿ ತುಂಬುವ ವಿಮಾನಿಧಿಯೇ ಇದಕ್ಕೆ ಆಧಾರ. ಇಂದಿನ ನಿಯಮದಂತೆ, ನಷ್ಟವಾದ ನಿವ್ವಳ ವೇತನದಲ್ಲಿ ಶೇಕಡಾ 60ರಷ್ಟು, ಮಕ್ಕಳುಳ್ಳವರಿಗೆ ಶೇಕಡಾ 67ರಷ್ಟು, ಈ ನಿಧಿಯಿಂದ ದೊರೆಯುತ್ತದೆ.

ಆದರೆ ಈ ಮದ್ದು ಎಲ್ಲ ರೋಗಕ್ಕೂ ನಾಟುವುದಿಲ್ಲ. 1990ರಲ್ಲಿ ಎರಡು ಜರ್ಮನಿಗಳು ಒಂದಾದ ಮೇಲೆ ಪೂರ್ವಭಾಗದ ಕಾರಖಾನೆಗಳು ಒಂದೊಂದಾಗಿ ಕುಸಿದವು. 1991ರಲ್ಲಿ ಅಲ್ಲಿ ಸುಮಾರು 20 ಲಕ್ಷ ಜನ ಮೊಟಕು ದುಡಿಮೆಯಲ್ಲಿದ್ದರು. ಹಲವರಿಗಂತೂ ಕೆಲಸದ ಹೊತ್ತು ಸೊನ್ನೆಯೇ. ಮರಳಿ ಬರಬೇಕಾದ ಬೇಡಿಕೆ ಬರಲೇ ಇಲ್ಲ. ಅವರಲ್ಲಿ ಬಹಳ ಮಂದಿ ಕಡೆಗೆ ನಿರುದ್ಯೋಗಿಗಳಾದರು. ಹಂಚಿಕೊಳ್ಳಲು ಕೆಲಸವೇ ಇಲ್ಲದೆಡೆ ಹಂಚಿಕೆ ಏನು ಮಾಡೀತು?

ಇದಾದ ಎರಡು ವರ್ಷಗಳಿಗೆ ಫೋಕ್ಸ್‌ವಾಗನ್ ಮೋಟಾರು ಕಾರಖಾನೆಯಲ್ಲಿ ಸುಮಾರು 30,000 ಜನ ಹೆಚ್ಚಾಗಿದ್ದಾರೆಂಬ ಮಾತು ಹುಟ್ಟಿತು. 1993ರ ನವೆಂಬರದಲ್ಲಿ ಆಡಳಿತ ಮಂಡಲಿಯೂ ಲೋಹ ಕಾರ್ಮಿಕರ ಸಂಘವೂ ಒಪ್ಪಂದಕ್ಕೆ ಬಂದವು. ವಾರದ ದುಡಿಮೆ 36 ಗಂಟೆಗಳಿಂದ 28.8 ಗಂಟೆಗಳಿಗೆ ಇಳಿಯಿತು; ಯಾರನ್ನೂ ತೆಗೆದುಹಾಕುವುದಿಲ್ಲವೆಂಬ ವಚನ ದೊರೆಯಿತು. ಇಲ್ಲಿ ನಷ್ಟದ ದೊಡ್ಡ ಪಾಲನ್ನು ಹೊತ್ತವರು ಕಾರ್ಮಿಕರೇ. ವರ್ಷದ ಬೋನಸ್ಸನ್ನು ತಿಂಗಳುಗಳಿಗೆ ಹಂಚಿದ್ದರಿಂದ ಮಾಸಿಕ ವೇತನ ಕುಗ್ಗಲಿಲ್ಲ. ವರ್ಷದ ಆದಾಯ ಮಾತ್ರ ಶೇಕಡಾ 10ಕ್ಕಿಂತ ಹೆಚ್ಚು ಇಳಿಯಿತು. ತಿಂಗಳ ಬಾಡಿಗೆ, ಸಾಲದ ಕಂತು ಕಟ್ಟುವವರಿಗೆ ಈ ಜಾಣತನದ ಬೆಲೆ ಗೊತ್ತು.

ಮೊಟಕು ದುಡಿಮೆಯ ದೊಡ್ಡ ಪರೀಕ್ಷೆ ನಡೆದುದು 2009ರಲ್ಲಿ. ಜಗತ್ತಿನ ಹಣಕಾಸಿನ ಬಿಕ್ಕಟ್ಟಿನಿಂದ ಆ ವರ್ಷ ಜರ್ಮನಿಯ ಉತ್ಪನ್ನ ಸುಮಾರು ಶೇಕಡಾ 5ರಷ್ಟು ಕುಸಿಯಿತು. ಆದರೂ ನಿರುದ್ಯೋಗ ಅಷ್ಟಾಗಿ ಏರಲಿಲ್ಲ; ಮೇ ತಿಂಗಳಲ್ಲಿ 14 ಲಕ್ಷಕ್ಕೂ ಹೆಚ್ಚು ಜನ ಈ ಪದ್ಧತಿಯ ಆಸರೆಯಲ್ಲಿದ್ದುದು ಅದಕ್ಕೆ ಒಂದು ಕಾರಣ. ಬೇಡಿಕೆ ಮರಳಿದಾಗ ಕಾರಖಾನೆಗಳು ಹೊಸಬರನ್ನು ಹುಡುಕಿ ಕಲಿಸುವ ಶ್ರಮವಿಲ್ಲದೆ, ಪಳಗಿದ ಕೈಗಳಿಂದಲೇ ಕೆಲಸ ಮುಂದುವರಿಸಿದವು. ಮಹಾಮಾರಿಯ ಕಾಲದಲ್ಲಿ, 2020ರ ಏಪ್ರಿಲದಲ್ಲಿ, ಈ ಸಂಖ್ಯೆ 60 ಲಕ್ಷದ ಸುಮಾರಿಗೆ ಮುಟ್ಟಿತು.

ಹೀಗೆ ನೋಡಿದರೆ, ಬಿರುಗಾಳಿ ಕಳೆಯುವವರೆಗೆ ತಲೆಯ ಮೇಲೊಂದು ಮಾಡು ಕೊಡುವುದೇ ಈ ಪದ್ಧತಿಯ ಶಕ್ತಿ. ಬಿದ್ದ ಮನೆಯನ್ನು ಅದು ಕಟ್ಟಿಕೊಡಲಾರದು. ಇನ್ನೊಂದು ಮಾತನ್ನೂ ನಾವು ಮರೆಯಲಾಗದು. 2009ರ ಆ ಬಿಕ್ಕಟ್ಟು ಬಿಗಿಯಾಗುತ್ತಿದ್ದಾಗ, ಕಾರಖಾನೆಗಳು ಹೊರಗಿನಿಂದ ತಾತ್ಕಾಲಿಕವಾಗಿ ತರಿಸಿಕೊಂಡಿದ್ದ ಕೆಲಸಗಾರರಲ್ಲಿ ಹಲವರು ಎಲ್ಲರಿಗಿಂತ ಮೊದಲು ಕೆಲಸ ಕಳೆದುಕೊಂಡಿದ್ದರು. ರೊಟ್ಟಿಯನ್ನು ಎಷ್ಟು ಸಮನಾಗಿ ಮುರಿದೆವೆಂಬುದರ ಜೊತೆಗೆ, ಪಂಕ್ತಿಯಲ್ಲಿ ಯಾರು ಯಾರನ್ನು ಕೂಡಿಸಿಕೊಂಡೆವೆಂಬುದನ್ನೂ ಕೇಳಬೇಕಾಗುತ್ತದೆ.