ಮೆಣಸಿನ ನಾಡಿನ ಹೊಳೆದಾರಿ

ಯುರೋಪಿನಲ್ಲಿ ನಿವೃತ್ತ ದಂಪತಿಗಳು ದ್ರಾಕ್ಷಿತೋಟಗಳ ನಡುವೆ ಹರಿಯುವ ನದಿಗಳಲ್ಲಿ ಹಡಗೇರಿ ವಿಹರಿಸುವುದು ಇಂದು ದೊಡ್ಡ ಉದ್ಯಮ. ಪೋರ್ಚುಗಲ್‌ನ ಡೋರೋ ನದಿ ಇದಕ್ಕೆ ಹೆಸರುವಾಸಿ. ಒಂದು ಕಾಲಕ್ಕೆ ಅಲ್ಲಿ ದ್ರಾಕ್ಷಾರಸದ ಪೀಪಾಯಿ ತುಂಬಿದ ದೋಣಿಗಳು ಬಂಡೆ, ಸುಳಿಗಳನ್ನು ದಾಟಿ ಪೋರ್ಟೊ ಪಟ್ಟಣ ಸೇರುತ್ತಿದ್ದವು. 1970ರ ದಶಕದಿಂದೀಚೆಗೆ ಅಣೆಕಟ್ಟುಗಳು ಬಂದು ಹೊಳೆ ಶಾಂತವಾಯಿತು. ಆದರೆ ಅಲ್ಲಿ ಕಟ್ಟೆಗಳ ಜೊತೆಗೇ ಹಡಗುಗಳು ಹತ್ತಿಳಿಯಲು ನೀರಿನ ಮೆಟ್ಟಿಲುಗಳನ್ನೂ ಕಟ್ಟಿದರು. ಹೊಳೆ ದಾರಿಯಾಗಿಯೇ ಉಳಿಯಿತು.

ಇದೇ ಪೋರ್ಚುಗೀಸರು ಒಂದು ಕಾಲದಲ್ಲಿ ಕರಿಮೆಣಸಿಗಾಗಿ ನಮ್ಮ ಶರಾವತಿಯ ದಡಕ್ಕೆ ಬಂದಿದ್ದರು. ಗೇರುಸೊಪ್ಪೆಯ ರಾಣಿಯನ್ನು ಅವರು ಕರೆಯುತ್ತಿದ್ದುದೇ 'ಮೆಣಸಿನ ರಾಣಿ' ಎಂದು. ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ಹೊಳೆಯೇ ಹೆದ್ದಾರಿ. ಅಲ್ಲಿಂದ ಘಟ್ಟ ಹತ್ತಿದರೆ ಇಂದಿನ ಸಾಗರ ಸೀಮೆ.

ಈ ದಾರಿಗೆ ಇಬ್ಬರು ದೊಡ್ಡ ಸಾಕ್ಷಿಗಳಿದ್ದಾರೆ. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತಾ, ಅಲ್ಲಿ ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದು ಬರೆದ. ಅಲ್ಲಿನ ಹೆಂಗಸರಿಗೆ ಕುರ್‌ಆನ್ ಕಂಠಪಾಠವಾಗಿತ್ತೆಂದೂ ದಾಖಲಿಸಿದ. ಮುಸ್ಲಿಂ ಹೆಣ್ಣಿಗೆ ಓದು ನಿನ್ನೆ ಮೊನ್ನೆ ಬಂದದ್ದು ಎನ್ನುವವರು ಈ ಮಾತನ್ನು ನೆನಪಿಡಬೇಕು. ಅವನ ನಂತರ ಸುಮಾರು ಮುನ್ನೂರು ವರ್ಷ ಕಳೆದು, 1623ರಲ್ಲಿ ಇಟಲಿಯ ಪಿಯೆತ್ರೋ ದೆಲ್ಲಾ ವಾಲ್ಲೆ ಬಂದ. ಪೋರ್ಚುಗೀಸ್ ರಾಯಭಾರಿಯ ಜೊತೆಗೆ ದೋಣಿಯಲ್ಲಿ ಗೇರುಸೊಪ್ಪೆಗೆ ಹೋಗಿ, ಘಟ್ಟ ಹತ್ತಿ, ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನ ಸೇರಿದ. ಹೊಳೆಯ ಚೆಲುವನ್ನು ಮನಸಾರೆ ಹೊಗಳಿದ. ದಾರಿಯಲ್ಲೊಂದು ಗುಡಿಯ ಜಗಲಿಯಲ್ಲಿ ಮಕ್ಕಳು ನೆಲದ ಮರಳಿನ ಮೇಲೆ ಬೆರಳಿನಿಂದ ಬರೆದು, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ಕಂಡು ಬೆರಗಾದ. ಒಬ್ಬ ಮುಸ್ಲಿಂ, ಒಬ್ಬ ಕ್ರೈಸ್ತ. ಇಬ್ಬರ ಕಣ್ಣಿಗೂ ಈ ನಾಡಿನ ಕಲಿಕೆ ಬಿದ್ದಿತ್ತು.

1964ರಲ್ಲಿ ಜೋಗದ ಮೇಲ್ಭಾಗದಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ನಾಡಿಗೆ ಬೆಳಕು ಬಂತು. ಅಡಿಕೆ ತೋಟ, ಗದ್ದೆ, ಗುಡಿ, ಸಮಾಧಿಗಳು ಮುಳುಗಿದವು. ಮೊದಲೇ ಕಟ್ಟಿದ್ದ ಹಿರೇಭಾಸ್ಕರ ಕಟ್ಟೆಯೂ ಅದೇ ನೀರಿನ ಪಾಲಾಯಿತು. ತುಮರಿ ಕಡೆಯ ಹಳ್ಳಿಗಳು ಹಿನ್ನೀರಿನ ಆಚೆ ದ್ವೀಪದಂತಾದವು. ಆ ಸಂಕಟವನ್ನು ಸಾಗರದ ನಾ. ಡಿಸೋಜ 'ಮುಳುಗಡೆ', 'ದ್ವೀಪ'ಗಳಲ್ಲಿ ಬರೆದರು.

ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಓಡಾಡುತ್ತಿದ್ದ ಲಾಂಚಿನ ಕತೆ ಇಲ್ಲಿಂದ ಮುಂದಿನದು. ಸಿಗಂದೂರಿನ ಚೌಡೇಶ್ವರಿಗೆ ಹೊರಟ ದೂರದೂರಿನ ಮುದುಕ ಮುದುಕಿಯರಿಗೆ ಅದು ಬದುಕಿನ ಮೊದಲ ಜಲಯಾನ. ಬಸ್ಸಿನ ಸಮೇತ ನೀರಿನ ಮೇಲೆ ತೇಲುವ ಸುಖವನ್ನು ಅವರು ಊರಿಗೆ ಹೋಗಿ ಹೇಳಿಕೊಳ್ಳುತ್ತಿದ್ದರು. ಅದೇ ಲಾಂಚಿನಲ್ಲಿ ಕುಳಿತ ಮುಳುಗಡೆಯ ಹಿರಿಯರಿಗೆ ಮಾತ್ರ ಕೆಳಗಿನ ನೀರು ಬರಿಯ ನೀರಲ್ಲ. ಅದರಡಿಯಲ್ಲಿ ತಾವು ನಡೆದ ದಾರಿ, ಉತ್ತ ಗದ್ದೆ. ಕತ್ತಲಾದ ಮೇಲೆ ಲಾಂಚಿಲ್ಲ. ರೋಗಿಯನ್ನು ದಾಟಿಸುವುದು ಹೇಗೆ? ಬೇಸಗೆಯಲ್ಲಿ ನೀರಿಳಿದರೆ ವಾಹನ ಹತ್ತುವಂತಿಲ್ಲ. ಒಬ್ಬರ ವಿಹಾರ, ಇನ್ನೊಬ್ಬರ ವನವಾಸ.

2025ರ ಜುಲೈ 14ರಂದು ಸುಮಾರು 2.4 ಕಿ.ಮೀ. ಉದ್ದದ ಸೇತುವೆ ಉದ್ಘಾಟನೆಯಾಯಿತು. ಆರು ದಶಕದ ಕಾಯುವಿಕೆ ಮುಗಿಯಿತು. ಲಾಂಚಿನ ಸೊಗಸು ಹೋಯಿತೆಂದು ಪ್ರವಾಸಿಗಳು ಮರುಗಬಹುದು, ದಡದವರು ಮರುಗಬೇಕಿಲ್ಲ. ಆದರೆ ಸೇತುವೆಯ ಮೇಲೆ ಕೆಲವೇ ನಿಮಿಷಗಳಲ್ಲಿ ದಾಟುವವರಿಗೆ ಕೆಳಗೇನಿದೆ ಎಂದು ಹೇಳುವವರು ಯಾರು? ಮುಳುಗಡೆಯಾದಾಗ ಪ್ರಾಯದವರಾಗಿದ್ದವರು ಇಂದು ಎಂಬತ್ತು ದಾಟಿದ್ದಾರೆ. ಸಂತ್ರಸ್ತರ ಹಕ್ಕುಪತ್ರದ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಬತೂತಾ, ದೆಲ್ಲಾ ವಾಲ್ಲೆ ಬರೆದಿಟ್ಟದ್ದರಿಂದ ಹಳೆಯ ಹೊಳೆದಾರಿ ನಮಗೆ ಉಳಿಯಿತು. ಈ ಹಿರಿಯರ ನೆನಪನ್ನು ಅವರಿರುವಾಗಲೇ ಕೇಳಿ ಬರೆದಿಡಬೇಕಾದದ್ದು ನಮ್ಮ ಕೆಲಸ.